ಕತ್ತಿನ ಆರನೆಯ ಮೂಳೆಯವರು ಮುರಿದದ್ದು ಯಾವತ್ತು?

ಇವರಿಗೆ,
ಕತ್ತಿನ ಆರನೆಯ ಮೂಳೆಯವರು
(ಮೇಲಿನಿಂದ ಎಣಿಸಿದರೆ ಆರನೆಯವರು, ಕೆಳಗಿನಿಂದ ಎಣಿಸಿದರೆ ಎರಡನೆಯವರು),
ತಲೆಗೂ ಹೆಗಲಿಗೂ ನಡುವಿನ ಕಚೇರಿ.

ಮಾನ್ಯರೇ,

ಪತ್ರವೆಂದ ಮೇಲೆ ನಾನು ಕ್ಷೇಮ, ತಾವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡುವುದು ವಾಡಿಕೆ. ಆದರೆ ತಾವು ಕ್ಷೇಮವಾಗಿದ್ದರೆ ಮಾತ್ರ ನಾನು ಕ್ಷೇಮ ಎಂಬ ಸಂಗತಿ ಈಚೆಗೆ, ಸ್ವಲ್ಪ ಜೋರಾಗಿಯೇ, ನನ್ನ ಗಮನಕ್ಕೆ ಬಂದಿರುವುದರಿಂದ ಮೊದಲು ತಮ್ಮ ಯೋಗಕ್ಷೇಮವನ್ನೇ ವಿಚಾರಿಸುತ್ತೇನೆ. ಬಿರುಕು ಹೇಗಿದೆ? ಪೂರ್ತಿ ಕೂಡಿಕೊಂಡಿತೇ? ತಮ್ಮ ಮೇಲಿನ ಐವರು ಹಿರಿಯರೂ ಕೆಳಗಿನ ಒಬ್ಬ ಕಿರಿಯರೂ ಸೌಖ್ಯವೆಂದು ಭಾವಿಸುತ್ತೇನೆ. ಅವರ ಮೇಲೆ ನನ್ನದೇನೂ ದೂರಿಲ್ಲ.

ಪರಿಚಯ ಮಾಡಿಕೊಳ್ಳುವುದು ತಡವಾಯಿತು, ಮನ್ನಿಸಬೇಕು. ಐವತ್ತೊಂದು ವರ್ಷದಿಂದ ಒಂದೇ ಮೈಯಲ್ಲಿ ವಾಸವಿದ್ದೂ ನಾವಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ನಾನು ಕ್ಷೌರದಂಗಡಿಯವನು. ಬಸ್ಸು ನಿಲ್ಲುವ ರಸ್ತೆಯಲ್ಲಿ, ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಎರಡು ಕುರ್ಚಿ, ಎರಡು ಕನ್ನಡಿ, ಒಂದು ಬೆಂಚು ಹಿಡಿಸುವಷ್ಟು ಜಾಗ ನಮ್ಮದು. ಬಾಗಿಲ ಪಕ್ಕದ ಕುರ್ಚಿ ನಮ್ಮಣ್ಣನದು, ಒಳಗಿನದು ನನ್ನದು. ಗಿರಾಕಿಗಳು ಅಣ್ಣನನ್ನು ದೊಡ್ಡ ಕುರ್ಚಿ ಎಂದೂ ನನ್ನನ್ನು ಚಿಕ್ಕ ಕುರ್ಚಿ ಎಂದೂ ಕರೆಯುತ್ತಾರೆ. ಕುರ್ಚಿಗಳು ಮಾತ್ರ ಒಂದೇ ಅಳತೆಯವು. ಕ್ಷೌರ ಮುಗಿದ ಮೇಲೆ ಗಿರಾಕಿಯ ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಕ್ಕನೆ ತಿರುಗಿಸಿ ಕತ್ತಿನ ನೆಟಿಕೆ ತೆಗೆದು ಕಳಿಸುವುದು ನಮ್ಮ ಅಂಗಡಿಯ ಹೆಚ್ಚುಗಾರಿಕೆ. ಅದನ್ನು ನಾವು ಪುಕ್ಕಟೆ ಮಾಡುತ್ತಿದ್ದೆವು. ಕತ್ತಿನೊಳಗೆ ಏನೇನಿದೆ, ಎಷ್ಟಿದೆ ಎಂದು ಮೂವತ್ತು ವರ್ಷದಲ್ಲಿ ನಾವೂ ಕೇಳಲಿಲ್ಲ, ಗಿರಾಕಿಗಳೂ ಹೇಳಲಿಲ್ಲ.

ಈಗ ದೂರಿಗೆ ಬರುತ್ತೇನೆ. ಹದಿನೆಂಟು ವಾರಗಳ ಹಿಂದೆ, ಒಂದು ಮಂಗಳವಾರ ಬೆಳಗ್ಗೆ, ಅಂಗಡಿಯ ಟ್ಯೂಬ್‌ಲೈಟು ಮಿಟುಕಲು ಶುರುಮಾಡಿತು. ಪಕ್ಕದ ಕನ್ನಡಕದ ಅಂಗಡಿಯಲ್ಲಿ ಏಣಿಯಿದೆ, ಕೇಳಿದರೆ ಕೊಡುತ್ತಾರೆ. ಆದರೆ ಏಣಿ ಕೇಳುವುದು ಕುರ್ಚಿಯಿಲ್ಲದವರ ಕೆಲಸವೆಂದು ತಿಳಿದಿದ್ದ ನಾನು ಎಂದಿನಂತೆ ನನ್ನ ಕುರ್ಚಿಯನ್ನೇ ಹತ್ತಿದೆ. ಪೆಡಲು ಒತ್ತಿದರೆ ಏರುತ್ತದೆ, ಬೇಕಾದ ಎತ್ತರಕ್ಕೆ ನಿಲ್ಲುತ್ತದೆ, ಇದಕ್ಕಿಂತ ಒಳ್ಳೆಯ ಏಣಿ ಯಾವ ಅಂಗಡಿಯಲ್ಲಿದೆ? ಅದು ತಿರುಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ದಿನಕ್ಕೆ ನಲವತ್ತು ಸಲ ತಿರುಗಿಸುವವನು ನಾನೇ. ತಿರುಗದಂತೆ ತಡೆಯಲು ಅದಕ್ಕೊಂದು ಚಿಲಕವಿದೆ. ಗಿರಾಕಿ ಕೂತಾಗ ಅದನ್ನು ಹಾಕಲು ನಾನು ಒಂದು ದಿನವೂ ಮರೆತವನಲ್ಲ. ಆದರೆ ಅವತ್ತು ಹತ್ತಿದವನು ಗಿರಾಕಿಯಾಗಿರಲಿಲ್ಲ.

ಕುರ್ಚಿ ತನ್ನ ಕೆಲಸ ತಾನು ಮಾಡಿತು. ಮೈ ಬಾಗಿಲ ಕಡೆಗೂ ತಲೆ ಬೇಸಿನ್ನಿನ ಕಡೆಗೂ ಹೊರಟವು, ಬೇಸಿನ್ನಿನ ಅಂಚು ತಲೆಯನ್ನು ಅಲ್ಲೇ ತಡೆದು ನಿಲ್ಲಿಸಿತು. ಮರುಕ್ಷಣ ನಾನು ನೆಲದ ಮೇಲೆ ಕೂದಲ ರಾಶಿಯಲ್ಲಿ ಮಲಗಿದ್ದೆ. ಕೈಯಲ್ಲಿದ್ದ ಹೊಸ ಟ್ಯೂಬ್‌ಲೈಟು ಒಡೆದಿರಲಿಲ್ಲ. ಗಾಜೇ ಉಳಿದಿದೆ, ಮೂಳೆಗೇನಾದೀತು ಎಂದು ಎದ್ದು ನಿಂತು, ಅದೇ ಕುರ್ಚಿ ಹತ್ತಿ, ಈ ಸಲ ಚಿಲಕ ಹಾಕಿ, ಲೈಟು ಬದಲಿಸಿಯೇ ಇಳಿದೆ. ಮಾನ್ಯರೇ, ಆಗ ತಾವು ಒಂದು ಮಾತು ಹೇಳಬಹುದಿತ್ತು. ಒಂದು ಹಲ್ಲಿಗೆ ತೂತು ಬಿದ್ದರೆ ಅದು ಮನೆಮಂದಿಯನ್ನೆಲ್ಲ ಕೂರಿಸಿ ಅಳಿಸುತ್ತದೆ. ಕಾಲಿನ ಕಿರುಬೆರಳು ಮಂಚಕ್ಕೆ ತಗುಲಿದರೆ ಅದು ಪಕ್ಕದ ಮನೆಯವರೆಗೂ ಸುದ್ದಿ ಮುಟ್ಟಿಸುತ್ತದೆ. ತಲೆಯನ್ನೇ ಹೊತ್ತಿರುವ ತಾವು ಮಾತ್ರ ದೊಡ್ಡ ಮನುಷ್ಯರಂತೆ ಸುಮ್ಮನಿದ್ದಿರಿ. ಸ್ವಲ್ಪ ಬಿಗಿತ, ಸ್ವಲ್ಪ ನೋವು, ಅಷ್ಟೇ. ಕತ್ತು ಹಿಡಿದಿದೆ ಎಂದುಕೊಂಡೆ.

ಬುಧವಾರ ಹನ್ನೊಂದು ತಲೆ ಮುಗಿಸಿದೆ. ಕತ್ತು ತಿರುಗದಿದ್ದರಿಂದ ಎಡಕ್ಕೆ ನೋಡಬೇಕಾದರೆ ಕಾಲಿನಿಂದ ಮೇಲಕ್ಕೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಬಿಸಿನೀರಿನ ಚೀಲ ಇಟ್ಟು, ತಪ್ಪೆಲ್ಲ ದಿಂಬಿನದು ಎಂದು ತೀರ್ಮಾನಿಸಿ ಹಳೆಯ ದಿಂಬನ್ನು ಹೊರಗೆಸೆದಳು. ಆ ದಿಂಬಿಗೆ ಇವತ್ತಿಗೂ ಯಾರೂ ಕ್ಷಮೆ ಕೇಳಿಲ್ಲ.

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಣ್ಣನ ಕುರ್ಚಿಯಲ್ಲಿ ಕೂತು, ಒಂದು ನೆಟಿಕೆ ತೆಗೆದುಬಿಡು, ಸರಿಹೋಗುತ್ತೆ ಎಂದೆ. ಅಣ್ಣ ಒಪ್ಪಲಿಲ್ಲ. “ಬಿದ್ದ ಕತ್ತು ಕಣೋ, ಒಂದ್ಸಲ ಡಾಕ್ಟರಿಗೆ ತೋರಿಸಿಬಿಡು” ಎಂದ. ಎರಡನೆಯ ಸಲ ಕೇಳಿದೆ. ಪೇಪರು ಓದುತ್ತಿರುವವನಂತೆ ನಟಿಸಿದ. ಮೂರನೆಯ ಸಲ, ಮಾನ್ಯರೇ, ನಾನು ಅವನನ್ನು ಕೆಣಕಿದೆ. “ಊರಿನವರ ಕತ್ತೆಲ್ಲ ತಿರುಗಿಸ್ತೀಯ, ತಮ್ಮನ ಕತ್ತು ಅಂದ್ರೆ ಕೈ ನಡುಗುತ್ತಾ?” ಎಂದೆ. ಅವನು ಎದ್ದು, ಟವೆಲಿನಲ್ಲಿ ಎರಡು ಸಲ ಕೈ ಒರೆಸಿಕೊಂಡು, ಒಂದು ಕೈ ಗದ್ದಕ್ಕೆ, ಒಂದು ಕೈ ನೆತ್ತಿಗೆ ಕೊಟ್ಟು, ಎಡಕ್ಕೆ ಒಂದೇ ಸಲ ತಿರುಗಿಸಿದ. ಸದ್ದು ಬಂತು. ಅದು ನಮ್ಮ ಅಂಗಡಿಯ ಸದ್ದಾಗಿರಲಿಲ್ಲ. ನನ್ನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಟ್ಟಿಗೆ ಜೋಮು ಹಿಡಿದು, ಹಿಡಿದಿದ್ದ ಬಾಚಣಿಗೆ ಕೆಳಗೆ ಬಿತ್ತು. ಅಣ್ಣ ಬಾಚಣಿಗೆಯನ್ನೇ ನೋಡುತ್ತ ನಿಂತ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ತಮ್ಮ ಭಾವಚಿತ್ರವನ್ನು ದೀಪದ ಮುಂದೆ ಹಿಡಿದು ತಮ್ಮನ್ನು ನನಗೆ ಪರಿಚಯಿಸಿದರು. ಕತ್ತಿನಲ್ಲಿ ಮೂಳೆಗಳು ಏಳು, ಜಿರಾಫೆಗೂ ಏಳೇ. ಅಷ್ಟುದ್ದ ಕತ್ತನ್ನು ಏಳೇ ಜನ ದೂರಿಲ್ಲದೆ ನಡೆಸಿಕೊಂಡು ಹೋಗುತ್ತಿರುವಾಗ ಗೇಣು ಕತ್ತಿನಲ್ಲಿ ತಮಗೇನು ಕಷ್ಟವಿತ್ತೆಂದು ಕೇಳಬೇಕೆನಿಸಿತಾದರೂ ಆಗ ತಾವು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ತಮ್ಮ ನಡುವೆ ಒಂದು ತೂತಿದೆಯಂತೆ, ಅದರೊಳಗೆ ಕಿರುಬೆರಳಿನ ದಪ್ಪದ ಒಂದು ನರದ ಹುರಿಯಂತೆ, ಕೈಕಾಲಿಗೆ ಹೋಗುವ ಅಪ್ಪಣೆಗಳೆಲ್ಲ ಅದರಲ್ಲೇ ಇಳಿಯುವುದಂತೆ. ತಮ್ಮಲ್ಲಿ ಬಿರುಕು ಬಿಟ್ಟಿತ್ತು, ಆದರೆ ತಾವು ಜಾಗ ಬಿಟ್ಟು ಕದಲಿರಲಿಲ್ಲ. “ಬಾಚಣಿಗೆಯ ಒಂದು ಹಲ್ಲಿನಷ್ಟು ಜರುಗಿದ್ದಿದ್ರೂ ನೀವು ಇಲ್ಲಿ ಕೂತು ಜಿರಾಫೆ ಬಗ್ಗೆ ಕೇಳ್ತಿರಲಿಲ್ಲ” ಎಂದರು. ನನಗೆ ಅರ್ಥವಾಗಲೆಂದೇ ಬಾಚಣಿಗೆಯ ಹೋಲಿಕೆ ಕೊಟ್ಟರೆಂದು ಕಾಣುತ್ತದೆ. ಅರ್ಥವಾಯಿತು. ಹಿಂದೆ ನಿಂತಿದ್ದ ಅಣ್ಣನಿಗೆ ನನಗಿಂತ ಚೆನ್ನಾಗಿ ಅರ್ಥವಾಯಿತು.

ತಾವು ಜಾಗ ಬಿಡದೆ ನಿಂತದ್ದಕ್ಕೆ ನಾನು ಆಭಾರಿ. ಮುರಿದ ಮೇಲೂ ಕೆಲಸ ಬಿಡದವರನ್ನು ನಾನು ಯಾವ ಇಲಾಖೆಯಲ್ಲೂ ಕಂಡಿಲ್ಲ. ಮುರಿಯುವ ಮೊದಲೇ ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ತಮ್ಮ ಈ ನಿಷ್ಠೆಗೆ ಗೌರವ ಸೂಚಿಸಲು ಹನ್ನೆರಡು ವಾರ ಕತ್ತುಪಟ್ಟಿ ಧರಿಸಿದೆ. ಗದ್ದದಿಂದ ಎದೆಯವರೆಗೆ ಗಟ್ಟಿ ಪ್ಲಾಸ್ಟಿಕ್ಕು, ಹಗಲೂ ರಾತ್ರಿಯೂ. ತಟ್ಟೆಯಲ್ಲಿ ಏನಿದೆಯೆಂದು ಕಾಣದೆ ಉಂಡೆ, ಮೆಟ್ಟಿಲು ಎಲ್ಲಿದೆಯೆಂದು ಕಾಣದೆ ಇಳಿದೆ. ರಸ್ತೆಯಲ್ಲಿ ಯಾರಾದರೂ ನಮಸ್ಕರಿಸಿದರೆ ತಲೆ ಬಾಗಿಸಲಾಗದೆ ಸೆಟೆದುಕೊಂಡೇ ಹೋದ ಕಾರಣ ನನಗೆ ಸೊಕ್ಕು ಬಂದಿದೆಯೆಂಬ ಮಾತು ಹಬ್ಬಿತು. ಪಟ್ಟಿಯೊಳಗಿನ ಮೆತ್ತೆ ಬದಲಿಸುವಾಗ ನಾನು ಮಂಚದ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿಯಬೇಕು, ಹೆಂಡತಿ ಒಂದೊಂದೇ ಬದಿ ಬಿಚ್ಚಬೇಕು. ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾದ ಅವಳು ಕಡತ ತಿದ್ದುವಷ್ಟೇ ಶ್ರದ್ಧೆಯಿಂದ ಆ ಕೆಲಸ ಮಾಡಿದಳು. “ಬಾಯಿ ಎಷ್ಟು ಬೇಕಾದ್ರೂ ಆಡಿಸ್ಬೋದಂತೆ, ಕತ್ತು ಮಾತ್ರ ಆಡಿಸ್ಬಾರದಂತೆ. ಉಲ್ಟಾ ಹೇಳಿದ್ರೆ ಮನೆಗೆ ಎಷ್ಟು ಒಳ್ಳೇದಿತ್ತು” ಎಂದು ಒಂದು ಸಲ ಅಂದಳು. ಅಂದವಳೇ ಅಡುಗೆಮನೆಗೆ ಹೋಗಿ ಅತ್ತು ಬಂದಳು, ನನಗೆ ಕೇಳಿಸಲಿಲ್ಲವೆಂದು ತಿಳಿದಳು.

ಇಷ್ಟಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ನೋವು, ಪಟ್ಟಿ, ಜೋಮು ಇವೆಲ್ಲ ತಮ್ಮ ನನ್ನ ನಡುವಿನ ಮನೆಯ ಜಗಳ. ನನ್ನ ದೂರು ದೊಡ್ಡ ಕುರ್ಚಿಯ ವಿಷಯವಾಗಿ.

ಆ ಗುರುವಾರದಿಂದ ನಮ್ಮಣ್ಣ ಯಾರ ತಲೆಯನ್ನೂ ಮುಟ್ಟಿಲ್ಲ. ಎಂದಿನ ಹೊತ್ತಿಗೆ ಅಂಗಡಿ ತೆರೆಯುತ್ತಾನೆ, ಕನ್ನಡಿ ಒರೆಸುತ್ತಾನೆ, ಟವೆಲು ಮಡಿಚಿಡುತ್ತಾನೆ, ಬೆಂಚಿನ ಮೇಲೆ ಕೂತುಕೊಳ್ಳುತ್ತಾನೆ. ಗಿರಾಕಿ ಬಂದರೆ ಹಿಂದಿನ ಬೀದಿಯಲ್ಲಿ ಒಳ್ಳೆಯ ಅಂಗಡಿಯಿದೆ ಎಂದು ದಾರಿ ಹೇಳಿ ಕಳಿಸುತ್ತಾನೆ. ಹಿಂದಿನ ಬೀದಿಯವನಿಗೆ ಕತ್ತರಿಯನ್ನು ನೆಟ್ಟಗೆ ಹಿಡಿಯಲೂ ಬರುವುದಿಲ್ಲವೆಂದು ಮೂವತ್ತು ವರ್ಷ ಬೈದವನೇ ಇವನು. ತನ್ನ ಕುರ್ಚಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿಬಿಟ್ಟ. ನನ್ನ ಅತ್ತಿಗೆ ಹೇಳುವಂತೆ ಮನೆಯಲ್ಲೂ ಎರಡು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಾನಂತೆ. ತಮ್ಮನ ಕತ್ತು ಮುರಿದವನು ತಾನೇ ಎಂದು ಅವನು ತೀರ್ಪು ಬರೆದುಕೊಂಡಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ತಾವು ಮುರಿದದ್ದು ಮಂಗಳವಾರವೇ, ಗುರುವಾರವಲ್ಲ ಎಂದು ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಡಾಕ್ಟರಮ್ಮನನ್ನು ಕೇಳಿದೆವು. “ಬಿದ್ದಾಗಲೇ ಆಗಿರೋ ಸಾಧ್ಯತೆ ಜಾಸ್ತಿ. ಆದ್ರೆ ಫೋಟೋದಲ್ಲಿ ಮುರಿದ ಜಾಗ ಕಾಣುತ್ತೆ, ಮುರಿದ ದಿನ ಕಾಣಲ್ಲ” ಎಂದರು. ಆ ಸಾಧ್ಯತೆಯಲ್ಲಿ ನಾನು ಜಾಸ್ತಿಯನ್ನು ಮನೆಗೆ ತಂದೆ, ಅಣ್ಣ ಉಳಿದ ಚೂರನ್ನು ತಂದ. ಹೀಗಾಗಿ ಸಾಕ್ಷಿ ಹೇಳಬಲ್ಲವರು ತಾವೊಬ್ಬರೇ. ತಾವೇ ಖುದ್ದಾಗಿ ಹೊರಬಂದು ಅಣ್ಣನ ಮುಂದೆ ಹೇಳಿಕೆ ಕೊಟ್ಟರೆ ಇನ್ನೂ ಉತ್ತಮ. ಅರ್ಧ ಗಂಟೆ ತಲೆಯನ್ನು ನಾನು ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ಅದಾಗದಿದ್ದರೆ ಬಿರುಕಿನ ಅಂಚಿನಲ್ಲಿ ದಿನಾಂಕವನ್ನು ಸಣ್ಣದಾಗಿ ಕೆತ್ತಿ, ಮುಂದಿನ ಫೋಟೋದಲ್ಲಿ ಕಾಣುವಂತೆ ಮಾಡಿಕೊಡಬೇಕು.

ಈ ವಿನಂತಿಯನ್ನು ಮೊದಲು ಮನಸ್ಸಿನಲ್ಲೇ ಸಲ್ಲಿಸಿ, ಉತ್ತರಕ್ಕಾಗಿ ವಾರಗಟ್ಟಲೆ ಕಾದೆ. ಅಷ್ಟರಲ್ಲಿ ಪಟ್ಟಿ ಬಿಚ್ಚಿ ವ್ಯಾಯಾಮ ಶುರುವಾಯಿತು. ಹಣೆಗೆ ಅಂಗೈ ಒತ್ತಿ, ಅಂಗೈಗೆ ಹಣೆ ಒತ್ತಿ, ಎರಡೂ ಕದಲದಂತೆ ಜಗಳವಾಡುವ ವ್ಯಾಯಾಮ. ನಮ್ಮ ಮನೆಯಲ್ಲಿ ಅದಕ್ಕೆ ಯಾರಿಗೂ ತರಬೇತಿ ಬೇಕಿರಲಿಲ್ಲ. ಆಮೇಲೆ ತಿರುಗುವುದು. ವ್ಯಾಯಾಮ ಕಲಿಸುವವರು ಅದನ್ನು ಡಿಗ್ರಿಯಲ್ಲಿ ಅಳೆದರು, ನಾನು ಅಂಗಡಿಯಲ್ಲಿ ಅಳೆದುಕೊಂಡೆ. ನನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತು ಕತ್ತನ್ನಷ್ಟೇ ಹೊರಳಿಸಿದರೆ ಮೊದಲ ವಾರ ನನ್ನ ಕನ್ನಡಿಯ ಅಂಚು ಕಂಡಿತು, ಮುಂದಿನ ವಾರ ಟವೆಲಿನ ಮೊಳೆ, ಅದರ ಮುಂದಿನ ವಾರ ಬೇಸಿನ್ನು. ಹದಿನಾರನೆಯ ವಾರಕ್ಕೆ ದೊಡ್ಡ ಕುರ್ಚಿ ಕಂಡಿತು. ಅಲ್ಲಿಯವರೆಗೆ ಅಣ್ಣನನ್ನು ಕನ್ನಡಿಯಲ್ಲಷ್ಟೇ ನೋಡುತ್ತಿದ್ದೆ. ಅವತ್ತು ನೇರವಾಗಿ ನೋಡಿದಾಗ, ಪ್ಲಾಸ್ಟಿಕ್ ಹೊದಿಸಿದ ಕುರ್ಚಿಯ ಹಿಂದೆ, ಬೆಂಚಿನ ಮೇಲೆ, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಒಬ್ಬ ಮುದುಕ ಕೂತಿದ್ದ. ನನ್ನ ಕತ್ತು ತಿರುಗಿದ್ದನ್ನು ಕಂಡು ಅವನ ಮುಖ ಅರಳಿತು, ಕೂಡಲೇ ಬೇರೆ ಕಡೆ ನೋಡಿದ.

ಮಾನ್ಯರೇ, ನನಗೆ ಕತ್ತರಿ ಹಿಡಿಯಲು ಕಲಿಸಿದವನು ಅವನು. ಕಲಿಯಲು ಯಾರೂ ತಲೆ ಕೊಡದಿದ್ದಾಗ ತನ್ನದನ್ನೇ ಕೊಟ್ಟ. ಮೊದಲ ದಿನ ಅವನ ಬಲಗಿವಿಯ ಮೇಲೆ ಒಂದು ರಸ್ತೆ ತೆಗೆದೆ, ಎರಡನೆಯ ದಿನ ಅದನ್ನು ಸರಿಮಾಡಲು ಹೋಗಿ ಹಿಂದಲೆಯಲ್ಲಿ ಒಂದು ಮೈದಾನ ತೆಗೆದೆ. ಆ ತಲೆ ಹೊತ್ತುಕೊಂಡು ಅವನು ಒಂದು ತಿಂಗಳು ಗಿರಾಕಿಗಳ ಮುಂದೆ ನಿಂತ. ಕೇಳಿದವರಿಗೆಲ್ಲ, ಇದು ಹೊಸ ಮಾದರಿ, ನಿಮಗೂ ಬೇಕಾದರೆ ನಮ್ಮ ಹುಡುಗ ಮಾಡಿಕೊಡುತ್ತಾನೆ ಎಂದ. ಅಂಥವನ ವಿಷಯಕ್ಕೆ ಇವತ್ತು ನಾನು ತಮ್ಮಿಂದ ಸಾಕ್ಷಿ ಬರೆಸಲು ಹೊರಟಿದ್ದೇನೆಂದು ಯೋಚಿಸಿದಾಗ ನನಗೆ ನಾಚಿಕೆಯಾಯಿತು.

ಯಾಕೆಂದರೆ ತಾವು ಗುರುವಾರ ಎಂದು ಬರೆದುಕೊಟ್ಟರೆ? ನಾನು ಏನು ಮಾಡಲಿ? ಆ ಸದ್ದು ನನಗೂ ಕೇಳಿಸಿತ್ತಲ್ಲ. ಮಂಗಳವಾರವೆಂದು ನಾನು ಎಷ್ಟು ಖಂಡಿತವಾಗಿ ಹೇಳುತ್ತೇನೋ ಅಷ್ಟು ಖಂಡಿತವಾಗಿ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಏಣಿ ಕೇಳದವನು ನಾನು, ಚಿಲಕ ಹಾಕದವನು ನಾನು, ಎರಡು ಸಲ ಬೇಡ ಎಂದವನನ್ನು ಮೂರನೆಯ ಸಲ ಕೆಣಕಿದವನೂ ನಾನು. ಅಣ್ಣ ತಿರುಗಿಸಿದ್ದು ನಾನು ಕೈಹಿಡಿದು ತಿರುಗಿಸಿಕೊಂಡದ್ದೇ. ಆದ್ದರಿಂದ ಪ್ರಮಾಣಪತ್ರದ ಅರ್ಜಿಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ದಿನಾಂಕ ತಮಗೆ ನೆನಪಿದ್ದರೆ ತಮ್ಮಲ್ಲೇ ಇರಲಿ. ಮೂವತ್ತು ವರ್ಷ ನಾವಿಬ್ಬರೂ ಸೇರಿ ತಿರುಗಿಸಿದ ಸಾವಿರಾರು ಕತ್ತುಗಳಿಗೆ, ಅವುಗಳ ಕಡೆಯಿಂದ ಒಬ್ಬರೂ ಹೀಗೊಂದು ಪತ್ರ ಬರೆಯಲಿಲ್ಲವಲ್ಲ ಎಂಬ ಹೆದರಿಕೆಯ ಕೃತಜ್ಞತೆಯನ್ನೂ ಇಲ್ಲೇ ಸಲ್ಲಿಸುತ್ತೇನೆ. ಇನ್ನು ಮುಂದೆ ನಮ್ಮ ಅಂಗಡಿಯಲ್ಲಿ ನೆಟಿಕೆ ಇಲ್ಲ, ಬೋರ್ಡು ಬರೆಸಿದ್ದಾಗಿದೆ.

ಈಗ ಉಳಿದಿರುವುದು ಒಂದೇ ಕೋರಿಕೆ. ಹದಿನೆಂಟು ವಾರ ಕ್ಷೌರವಿಲ್ಲದ ನನ್ನ ತಲೆ ಕ್ಷೌರದಂಗಡಿಗೆ ಒಪ್ಪುವಂತಿಲ್ಲ. ಕೂದಲು ಕಿವಿ ಮುಚ್ಚಿ ಕತ್ತಿಗೆ ಇಳಿದಿದೆ. ಹೆಬ್ಬೆರಳಿಗೆ ಮುಕ್ಕಾಲು ಪಾಲು ಜೀವ ಬಂದು ದಿನಕ್ಕೆರಡು ತಲೆ ಮಾಡುವಂತಾಗಿದ್ದರೂ, ನನ್ನನ್ನು ನೋಡಿದ ಗಿರಾಕಿಗಳು ಒಳಗೆ ಬರಲು ಎರಡು ಸಲ ಯೋಚಿಸುತ್ತಾರೆ. ಹಿಂದಿನ ಬೀದಿಗೆ ಹೋಗೆಂದು ಹೆಂಡತಿ ಹೇಳಿದಳು. ನಾನು ಹೋಗಲಿಲ್ಲ. ಬದಲಿಗೆ ದಿನವೂ ಬೆಳಗ್ಗೆ ಹೊದಿಕೆ ಸರಿಸಿ ದೊಡ್ಡ ಕುರ್ಚಿಯಲ್ಲಿ ಕೂತುಕೊಳ್ಳುತ್ತೇನೆ. ಅಣ್ಣ ಹಿಂದೆ ಬಂದು ನಿಲ್ಲುತ್ತಾನೆ, ಟವೆಲು ಹೊದಿಸುತ್ತಾನೆ, ಆಮೇಲೆ “ನಾಳೆ ನೋಡೋಣ ಕಣೋ” ಎಂದು ಟವೆಲು ತೆಗೆಯುತ್ತಾನೆ. ಹೀಗೆ ಒಂಬತ್ತು ನಾಳೆಗಳಾದವು. ನಿನ್ನೆ, ಬುಧವಾರ, ನಾನು ಒಳಗೆ ಬಂದಾಗ ಅವನು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. “ಶುಕ್ರವಾರ ಹತ್ತಕ್ಕೆ ಬಾ” ಎಂದ. ಇಡೀ ದಿನ ಅಂಗಡಿಯಲ್ಲೇ ಇರುವ ನನಗೆ ಗಿರಾಕಿಗೆ ಹೇಳಿದಂತೆ ಹೊತ್ತು ಕೊಟ್ಟ.

ಇಲ್ಲೊಂದು ತೊಡಕಿದೆ. ಪಟ್ಟಿ ಬಿಚ್ಚಿದಂದಿನಿಂದ ನಾನು ತಲೆ ಹೊರಳಿಸಿದಾಗ ಒಮ್ಮೊಮ್ಮೆ ತಾವು ಕಟಕಟ ಎನ್ನುತ್ತೀರಿ. ಅದು ನಿರುಪದ್ರವಿ, ಬಹಳ ದಿನ ಸುಮ್ಮನಿದ್ದ ಕೀಲುಗಳು ಮಾತಾಡುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನನಗೆ ಗೊತ್ತು, ತಮಗೆ ಗೊತ್ತು. ಅಣ್ಣನಿಗೆ ಗೊತ್ತಿಲ್ಲ. ಹೇಳಿದರೆ ನಂಬುವುದಿಲ್ಲ. ನಾಳೆ ಹತ್ತು ಗಂಟೆಗೆ ಅವನ ಎಡಗೈ ನನ್ನ ನೆತ್ತಿಯ ಮೇಲೆ ಬರುತ್ತದೆ, ಕಿವಿಯ ಹಿಂದಿನ ಕೂದಲಿಗಾಗಿ ತಲೆಯನ್ನು ತುಸುವೇ ಎಡಕ್ಕೆ ಹೊರಳಿಸಲೇಬೇಕಾಗುತ್ತದೆ. ಆಗ ತಾವು ಬಾಯಿ ಬಿಟ್ಟರೆ ಅವನು ಕತ್ತರಿ ಕೆಳಗಿಟ್ಟು ಬೆಂಚಿಗೆ ಹೋಗಿ ಕೂರುತ್ತಾನೆ, ಮತ್ತೆ ಏಳುವುದಿಲ್ಲ. ಹತ್ತರಿಂದ ಹತ್ತೂವರೆಯವರೆಗೆ, ಮಾನ್ಯರೇ, ತಾವು ಸುಮ್ಮನಿರಬೇಕೆಂದು ಕೈಮುಗಿದು ಬೇಡುತ್ತೇನೆ.

ಬಿರುಕಿನ ಎರಡೂ ಕಡೆಗೆ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಚಿಕ್ಕ ಕುರ್ಚಿ

ತಾ.ಕ.: ಈ ಪತ್ರ ನಮ್ಮ ಬೀದಿಯ ವಾರಪತ್ರಿಕೆಯಲ್ಲಿ ಭಾನುವಾರ ಅಚ್ಚಾಗುತ್ತದೆ, ಅಣ್ಣ ಅದನ್ನು ಬೆಂಚಿನ ಮೇಲೆ ಕೂತೋ, ಕುರ್ಚಿಯ ಹಿಂದೆ ನಿಂತೋ ಓದುತ್ತಾನೆ, ಎಲ್ಲಿ ಎಂಬುದು ತಮಗೆ ಬಿಟ್ಟದ್ದು. ಮಂಗಳವಾರ ನೋವಾದಾಗ ಸುಮ್ಮನಿದ್ದು, ಗುರುವಾರ ಬೇಡದಾಗ ಕೂಗಿದ ತಮ್ಮ ಸಮಯಪ್ರಜ್ಞೆಯ ಮೇಲೆ ನನಗೆ ಅಂಥ ಭರವಸೆಯೇನೂ ಇಲ್ಲ. ಆದ್ದರಿಂದ ಸ್ಪಷ್ಟವಾಗಿಯೇ ಬರೆಯುತ್ತಿದ್ದೇನೆ: ನಾಳೆ ಅಣ್ಣನ ಕೈಯಲ್ಲಿ ನನ್ನ ತಲೆ ಇರುವಾಗ ತಾವು ಮತ್ತೆ ಮುರಿಯಲೇಬೇಕೆಂದಿದ್ದರೆ ಮುರಿಯಿರಿ, ನನ್ನ ಅಡ್ಡಿಯಿಲ್ಲ. ಸದ್ದು ಮಾತ್ರ ಮಾಡಬೇಡಿ.